ತಕ್ಕಡಿ ಒಬ್ಬಳ ಕೈಗೇ ಏಕೆ?



ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಎಲ್ಲರಿಗೂ ಗೊತ್ತು. ಓದು, ಕೆಲಸ, ಆಟ, ನಿದ್ದೆ ಎಲ್ಲವೂ ಹಿತಮಿತವಾಗಿರಬೇಕು ಎಂದು ದೊಡ್ಡವರು ಹೇಳುತ್ತಾರೆ. ಮಾತು ನಿಜ. ಆದರೆ ಆ ಸಮತೋಲನ ನಮಗೆ ಯಾಕೆ ಸಿಗೋದಿಲ್ಲ?

ನಮ್ಮ ಹತ್ತಿರದ ಮಾರ್ಕೋನಹಳ್ಳಿ ಜಲಾಶಯವನ್ನು ನೀವೆಲ್ಲ ನೋಡಿದ್ದೀರಿ. ಶಿಂಷಾ ನದಿಗೆ ಕಟ್ಟಿದ ಆ ಅಣೆಕಟ್ಟೆಗೆ ಸ್ವಯಂಚಾಲಿತ ಸೈಫನ್ ಇದೆ. ನೀರು ಗೊತ್ತಾದ ಮಟ್ಟ ಮೀರಿದರೆ ತಾನಾಗಿಯೇ ಹೊರಗೆ ಹರಿಯುತ್ತೆ, ಇಳಿದರೆ ತಾನಾಗಿಯೇ ನಿಲ್ಲುತ್ತೆ. ಯಾರೂ ಗೇಟು ಎತ್ತಬೇಕಾಗಿಲ್ಲ. ನಮ್ಮ ದಿನಕ್ಕೆ ಅಂಥ ಸೈಫನ್ ಇಲ್ಲ. ಕೆಲಸ ತುಂಬಿದರೆ ತುಂಬ್ತಾನೇ ಇರುತ್ತೆ. ಅದನ್ನು ಮನೆಯವರೇ ಹಂಚಿಕೊಳ್ಳಬೇಕು.

ನಮ್ಮ ತರಗತಿಯ ಹುಡುಗಿಯರನ್ನೇ ಕೇಳಿ. ಬೆಳಿಗ್ಗೆ ಕೊಟ್ಟಿಗೆ ಸಗಣಿ ಬಾಚೋದು, ನೀರು ತರೋದು, ಬಾಗಿಲಿಗೆ ರಂಗೋಲಿ. ಸಂಜೆ ಡೇರಿಗೆ ಹಾಲು, ಆಮೇಲೆ ಮುದ್ದೆ ಸಾರು, ಪಾತ್ರೆ. ಪುಸ್ತಕ ಹಿಡಿಯೋ ಹೊತ್ತಿಗೆ ಕಣ್ಣು ಮುಚ್ಚುತ್ತೆ. ಅದೇ ಹೊತ್ತಿನಲ್ಲಿ ಅಣ್ಣತಮ್ಮಂದಿರು ಬ್ಯಾಟು ಹಿಡಿದು ಬಯಲಲ್ಲಿರುತ್ತಾರೆ. ದಿನಕ್ಕೆ 24 ಗಂಟೆ ಇಬ್ಬರಿಗೂ ಒಂದೇ. ತೂಕ ಮಾತ್ರ ಒಂದೇ ಅಲ್ಲ.

ಚೈತ್ರದಲ್ಲಿ ಸಿದ್ಧಲಿಂಗೇಶ್ವರ ಸ್ವಾಮಿಯ ತೇರು. ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ಮಾರ್ಚ್-ಏಪ್ರಿಲ್‌ನ ಆಸುಪಾಸಿಗೇ ಬರುತ್ತೆ. ಮನೆ ತುಂಬಾ ನೆಂಟರು. ಒಬ್ಬಟ್ಟು ತಟ್ಟೋಳು ಯಾರು? ನಾಳೆ ಗಣಿತದ ಪರೀಕ್ಷೆ ಇರೋಳು!

"ಹೆಣ್ಣುಮಕ್ಕಳು ಮನೆಗೆಲಸ ಕಲೀಬೇಕಲ್ಲ" ಅನ್ನುವವರಿದ್ದಾರೆ. ಕಲಿಯೋಣ, ಬೇಡ ಅನ್ನೋದಿಲ್ಲ. ಆದರೆ ಮಠ, ದೇವಸ್ಥಾನಗಳ ದಾಸೋಹದಲ್ಲಿ ಕೊಪ್ಪರಿಗೆಗಟ್ಟಲೆ ಅನ್ನ ಸಾರು ಮಾಡೋರು ಗಂಡಸರೇ ಅಲ್ಲವೇ? ಅಲ್ಲಿ ಸೌಟು ಹಿಡಿದರೆ ಪುಣ್ಯ, ಮನೆಯಲ್ಲಿ ಹಿಡಿದರೆ ನಾಚಿಕೆ ಹೇಗಾಗುತ್ತೆ? ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಸಾರಿದ ಶರಣರ ನಾಡು ಇದು.

ಅಂಗಡಿಯ ತಕ್ಕಡಿ ನೋಡಿ. ಮುಳ್ಳು ನಡುವೆ ನಿಲ್ಲಬೇಕಾದರೆ ಒಂದು ತಟ್ಟೆಯಿಂದ ತೆಗೆದು ಇನ್ನೊಂದಕ್ಕೆ ಹಾಕ್ತಾನೇ ಇರಬೇಕು. ಬದುಕೂ ಹಾಗೆಯೇ. ಒಂದು ದಿನ ಸರಿಮಾಡಿ ಬಿಟ್ಟರೆ ಸಾಲದು.

ಅದಕ್ಕೇ ನನ್ನ ಕೋರಿಕೆ ಇಷ್ಟೆ. ಹುಡುಗರೇ, ದಿನಕ್ಕೆ ಒಂದು ಮನೆಗೆಲಸ ನಿಮ್ಮದು ಅಂತ ಇಟ್ಟುಕೊಳ್ಳಿ. ಗುರುಗಳೇ, ರಾಗಿ ಕೊಯ್ಲಿನ ದಿನಗಳಲ್ಲಿ ಮನೆಪಾಠ ಸ್ವಲ್ಪ ಕಡಿಮೆ ಕೊಡಿ, ಪೋಷಕರ ಸಭೆಯಲ್ಲಿ ಈ ಮಾತು ಎತ್ತಿ. ರಾತ್ರಿ ಒಂದು ಗಂಟೆ, ಒಂದೇ ಗಂಟೆ, ನಮ್ಮ ಓದಿಗೆ ಬಿಟ್ಟುಕೊಡಲಿ. ಉಳಿದದ್ದನ್ನು ನಾವು ತೂಗಿಸಿಕೊಂಡು ಹೋಗ್ತೀವಿ.

– 10ನೇ ತರಗತಿಯ ವಿದ್ಯಾರ್ಥಿನಿ, ಯಡಿಯೂರು