ಶಿಖರ ಸರ್ಕಾರದ್ದು, ಇಳಿಜಾರು ಯಾರದು?

ಶ್ರೀಲಂಕಾದ ಅತಿ ಎತ್ತರದ ಬೆಟ್ಟ ಯಾವುದು ಅಂದ್ರೆ ಬಹಳ ಜನ ಶ್ರೀಪಾದ ಅಂತಾರೆ. ಅದು ನುವರ ಎಲಿಯ ಪಕ್ಕದ ಪಿದುರುತಲಾಗಲ, 2,524 ಮೀಟರ್. ತುದೀಲಿ ಪ್ರಸಾರ ಗೋಪುರ, ಮಿಲಿಟರಿ ಕಾವಲು. ನಡೆದು ಹತ್ತೋಕೆ ಬಿಡಲ್ಲ, ಗಾಡೀಲೇ ಹೋಗ್ಬೇಕು. ಚಾರಣದವರಿಗೆ ಇದೇ ದೊಡ್ಡ ಬೇಜಾರು.

ಆದ್ರೆ ಆ ಸೀಮೆಯ ಟೀ ತೋಟದ ಇಳಿಜಾರನ್ನ ಬುಟ್ಟಿ ಹೊತ್ತು ದಿನಾ ಹತ್ತಿ ಇಳಿಯೋರ ಬಗ್ಗೆ ಯಾರೂ ಬರೆಯಲ್ಲ. ಬ್ರಿಟಿಷರು ತಮಿಳು ನಾಡಿನಿಂದ ಸಾಗಿಸಿದ ಕೂಲಿಗಳ ಸಂತತಿ ಅವರು. ಬಹಳಷ್ಟು ಜನ ಪರೈಯರು, ಪಳ್ಳರು, ಚಕ್ಕಿಲಿಯರು. ಅಂದ್ರೆ ನಮ್ಮವರೇ. ವಾಸಕ್ಕೆ ಇವತ್ತಿಗೂ ಎಷ್ಟೋ ಜನಕ್ಕೆ ಅದೇ ಲೈನ್ ಮನೆ.

1948ರ ಪೌರತ್ವ ಕಾಯ್ದೆ ಅವರಿಗೆ ದೇಶವೇ ಇಲ್ಲದ ಹಾಗೆ ಮಾಡಿತು. 1964ರಲ್ಲಿ ಶಾಸ್ತ್ರಿ, ಸಿರಿಮಾವೋ ಕೂತು 'ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ' ಅಂತ ಲೆಕ್ಕ ಹಾಕಿ ಹಂಚಿಕೊಂಡರು. ಅಲ್ಲೇ ಉಳಿದ ಎಷ್ಟೋ ಜನಕ್ಕೆ ಪೌರತ್ವ ಸಿಗೋಕೆ 2003ರ ಕಾಯ್ದೆ ಬರಬೇಕಾಯ್ತು.

ವಾಪಸ್ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲೇ ಇದ್ದಾರೆ. ಅಲ್ಲಿ ಟೀ, ಇಲ್ಲಿ ರಬ್ಬರ್. ಅವರ ಜಾತಿ ಪ್ರಮಾಣಪತ್ರದ ಪ್ರಶ್ನೆ ನಮ್ಮ ಎಷ್ಟು ಸಂಘಟನೆಗಳ ಹಕ್ಕೊತ್ತಾಯದಲ್ಲಿದೆ? ಭಾಷೆ ಬೇರೆ ಅಂತ ಬಿಟ್ಟರೆ ಜಾತಿ ಅವರನ್ನ ಬಿಡುತ್ತಾ? ಮುಂದಿನ ಸಭೆಯಲ್ಲಿ ಇದನ್ನ ಎತ್ತೋಣ.

ಜೈ ಭೀಮ್.