ತೇಪೆ ಸಿದ್ಧವಿದೆ, ನಮ್ಮ ಗಡಿ ಊರಿಗೆ ಬರುವುದು ಯಾವಾಗ?

ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಬೆಂಗಳೂರಿನ ಐಟಿ ಕಂಪನಿಗಳಿಗೆ ಇದು ದೊಡ್ಡ ತಲೆನೋವಲ್ಲ, ಯಂತ್ರ ಬದಲಿಸಿಕೊಳ್ಳುತ್ತಾರೆ. ಆದರೆ ರಾಯದುರ್ಗದ ಜೆರಾಕ್ಸ್ ಅಂಗಡಿ, ಮಡಕಶಿರಾದ ಡಿಟಿಪಿ ಸೆಂಟರ್‌ಗಳ ಮಾತು ಬೇರೆ. ಅಲ್ಲಿ ಒಂದು ಗಣಕಯಂತ್ರ ಕೊಂಡರೆ ಅದು ಕೆಟ್ಟು ನಿಲ್ಲುವ ತನಕ ದುಡಿಯಬೇಕು. ಆಂಧ್ರದ ಅಡಂಗಲ್ ಆಗಲಿ, ಗಡಿಯಾಚೆ ಪಾವಗಡ, ಮೊಳಕಾಲ್ಮೂರು ಕಡೆ ಇರುವ ಜಮೀನಿನ ಪಹಣಿಯಾಗಲಿ, ತೆಗೆಸುವುದು ಇಂಥ ಯಂತ್ರಗಳಲ್ಲೇ. ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಮಾಡಿದ ಪ್ರತಿಗಳೂ ಅದರೊಳಗೇ ಉಳಿದಿರುತ್ತವೆ.

ಓಡುತ್ತಿದೆಯಲ್ಲ, ಇನ್ನೇನು ತೊಂದರೆ ಎನ್ನುತ್ತೀರಾ?

ತೊಂದರೆ ಇರುವುದು ಕಣ್ಣಿಗೆ ಕಾಣದ ಕಡೆ. ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಕೆರೆಗೆ ನೀರಗಂಟಿ ಇದ್ದ ಹಾಗೆ ಇದು. ಯಾವ ತಂತ್ರಾಂಶಕ್ಕೆ ಎಷ್ಟು ಮೆಮೊರಿ, ಯಾವ ಫೈಲನ್ನು ಯಾರು ತೆರೆಯಬಹುದು ಎಂದು ತೀರ್ಮಾನಿಸುವುದು ಇದೇ. ತೂಬಿನ ಉಸ್ತುವಾರಿಯೇ ಕಳ್ಳನ ಕೈಗೆ ಹೋದ ಮೇಲೆ ಹೊಲಕ್ಕೆ ಬೇಲಿ ಹಾಕಿ ಏನು ಪ್ರಯೋಜನ? ಆಂಟಿವೈರಸ್ ಕೂಡ ಕರ್ನೆಲ್ ಹೇಳಿದ್ದನ್ನೇ ನಂಬಿ ಕೆಲಸ ಮಾಡುತ್ತದೆ.

ಇದು ಅಮೆರಿಕದವರ ಸಮಸ್ಯೆ ಎಂದುಕೊಳ್ಳಬೇಡಿ. 2017ರ ಮೇ 12ರಂದು ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಫೈಲ್‌ಗಳಿಗೆ ಬೀಗ ಹಾಕಿ 300 ಡಾಲರ್ ಒತ್ತೆಹಣ ಕೇಳಿತು. ಆಗ ಆಂಧ್ರದ ಚಿತ್ತೂರು, ಕೃಷ್ಣಾ, ಗುಂಟೂರು ಸೇರಿ ಹಲವು ಜಿಲ್ಲೆಗಳ ಪೊಲೀಸ್ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ತಿಮ್ಮಪ್ಪನ ದೇವಸ್ಥಾನದ ಕಚೇರಿಯ ಕೆಲವು ಯಂತ್ರಗಳನ್ನೂ ಅದು ಬಿಡಲಿಲ್ಲ. ವಿಂಡೋಸ್‌ನಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲ್ ಹಂಚುವ ಎಸ್‌ಎಂಬಿ ಎಂಬ ಭಾಗ ಕರ್ನೆಲ್ ಒಳಗೇ ಓಡುತ್ತದೆ. ಬಂದ ಸಂದೇಶದ ಅಳತೆ ಲೆಕ್ಕ ಹಾಕುವಲ್ಲಿ ಅದು ತಪ್ಪಿತ್ತು. ಚಿಕ್ಕ ಚೀಲಕ್ಕೆ ಹೆಚ್ಚು ಕಡಲೆಕಾಯಿ ಸುರಿದರೆ ಪಕ್ಕದ ಚೀಲಕ್ಕೆ ಬೀಳುತ್ತದಲ್ಲ, ಹಾಗೆ ಚೆಲ್ಲಿದ ಜಾಗದಲ್ಲಿ ಕಳ್ಳ ತನ್ನ ಆಜ್ಞೆ ಬರೆದಿಟ್ಟ.

ಇಲ್ಲೊಂದು ವಿಚಿತ್ರ ಗಮನಿಸಿ. ಆ ತೂತಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ತೇಪೆ ಹಾಕಿತ್ತು! ದಾಳಿ ನಡೆದದ್ದು 59 ದಿನಗಳ ನಂತರ. ಔಷಧಿ ಅಂಗಡಿಯಲ್ಲಿತ್ತು, ರೋಗಿ ತೆಗೆದುಕೊಂಡಿರಲಿಲ್ಲ ಅಷ್ಟೆ. 2014ರಲ್ಲೇ ಅಪ್‌ಡೇಟ್ ನಿಂತಿದ್ದ ವಿಂಡೋಸ್ ಎಕ್ಸ್‌ಪಿಗೆ ಮಾತ್ರ ದಾಳಿಯಾದ ಮೇಲೆ ತುರ್ತಾಗಿ ತೇಪೆ ಕೊಟ್ಟರು.

ತೇಪೆ ಹಾಕುವ ಕೆಲಸ ಹೀಗೆ ನಡೆಯುತ್ತದೆ. ಯಾರೋ ಸಂಶೋಧಕರು ತೂತು ಹುಡುಕಿ ಕರ್ನೆಲ್ ನೋಡಿಕೊಳ್ಳುವವರಿಗೆ ಗುಟ್ಟಾಗಿ ತಿಳಿಸುತ್ತಾರೆ. ಅವರು ಕೆಲವೊಮ್ಮೆ ನಾಲ್ಕೈದು ಸಾಲು ಮಾತ್ರ ತಿದ್ದಿ, ಪರೀಕ್ಷೆ ಮಾಡಿ ಬಿಡುಗಡೆ ಮಾಡುತ್ತಾರೆ. ಆದರೆ ಬಿಡುಗಡೆಯಾದ ಕ್ಷಣದಿಂದ ಕಳ್ಳರೂ ಅದನ್ನು ಓದುತ್ತಾರೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ ತೂತು ಎಲ್ಲಿತ್ತೆಂದು ಗೊತ್ತಾಗುತ್ತದೆ. ಅಂದರೆ ತೇಪೆ ಬಂದ ಮೇಲೆ, ಅದನ್ನು ಹಾಕಿಕೊಳ್ಳದವನಿಗೆ ಅಪಾಯ ಮೊದಲಿಗಿಂತ ಹೆಚ್ಚು. ಡೇಟಾ ಖರ್ಚಾಗುತ್ತದೆ, ಯಂತ್ರ ನಿಧಾನವಾಗುತ್ತದೆ ಎಂದು ಅಪ್‌ಡೇಟ್ ಆಫ್ ಮಾಡಿ ಕೂರುವ ನಮ್ಮವರಿಗೆ ಯಾರೂ ಹೇಳದ ಮಾತು ಇದೇ.

ಮೊಬೈಲ್ ಕಥೆ ಇನ್ನೂ ಉದ್ದ. ಆಂಡ್ರಾಯ್ಡ್‌ನ ತಿರುಳು ಲಿನಕ್ಸ್ ಕರ್ನೆಲ್. ಅಲ್ಲಿ ಹುಟ್ಟಿದ ತೇಪೆ ಗೂಗಲ್‌ಗೆ, ಚಿಪ್ ಕಂಪನಿಗೆ, ಆಮೇಲೆ ಫೋನ್ ಕಂಪನಿಗೆ ಹೋಗಿ, ಕೊನೆಗೆ ನಿಮ್ಮ ಜೇಬಿಗೆ ಬರಬೇಕು. ನಡುವೆ ಯಾರಾದರೂ ಒಬ್ಬರು ಕೈಬಿಟ್ಟರೂ ಮುಗಿಯಿತು. ಡರ್ಟಿ ಕೌ ಎಂಬ ತೂತು ಲಿನಕ್ಸ್‌ನಲ್ಲಿ 2007ರಿಂದ ಇತ್ತು, ಮುಚ್ಚಿದ್ದು 2016ರ ಅಕ್ಟೋಬರ್‌ನಲ್ಲಿ. ಹೆಚ್ಚುಕಡಿಮೆ ವರ್ಷದ ನಂತರ, 2017ರ ಸೆಪ್ಟೆಂಬರ್‌ನಲ್ಲಿ, ಅದೇ ತೂತಿನಿಂದ ನುಗ್ಗುವ ಜೆಡ್‌ನಿಯು ಎಂಬ ದುಷ್ಟ ಆ್ಯಪ್‌ಗಳನ್ನು ಟ್ರೆಂಡ್ ಮೈಕ್ರೋ ಕಂಪನಿ ಪತ್ತೆ ಹಚ್ಚಿತು. ಸಿಕ್ಕಿಬಿದ್ದ 5,000ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಚೀನಾ ಮತ್ತು ಭಾರತದವರು.

ಈಗ ಆಂಧ್ರ ಸರ್ಕಾರ ಆಡಳಿತವನ್ನೇ ಫೋನಿಗೆ ತಂದಿದೆ. 2025ರ ಜನವರಿ 30ರಂದು ಮನಮಿತ್ರ ವಾಟ್ಸಪ್ ಸೇವೆ ಶುರುವಾಯಿತು. ಸರದಿಯಲ್ಲಿ ನಿಲ್ಲುವುದು ತಪ್ಪಿತು, ಸಂತೋಷವೇ. ಆದರೆ ಸೇವೆಯನ್ನು ಫೋನಿಗೆ ತಂದವರು ಆ ಫೋನ್‌ಗಳು ಗಟ್ಟಿಯಾಗಿವೆಯೇ ಎಂದೂ ವಿಚಾರಿಸಬೇಕು. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು. ನಮ್ಮ ಅಂಗಡಿಯ ಪೆಟ್ಟಿಗೆ ಮೇಲೆ ಎಂಆರ್‌ಪಿ ಇರುತ್ತದೆ, ತಯಾರಾದ ತಿಂಗಳು ಇರುತ್ತದೆ. ಅಪ್‌ಡೇಟ್ ಎಲ್ಲಿಯವರೆಗೆ ಎಂಬುದನ್ನೂ ಅದರ ಪಕ್ಕದಲ್ಲೇ ಅಚ್ಚು ಹಾಕಿಸಲು ದೆಹಲಿಗೆ ಏನು ಕಷ್ಟ?

2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಎರಡೂ ಕಲೆಕ್ಟರ್ ಕಚೇರಿಗಳು ತಮ್ಮ ವ್ಯಾಪ್ತಿಯ ಸರ್ಕಾರಿ ಯಂತ್ರಗಳಲ್ಲಿ ಯಾವ ವಿಂಡೋಸ್ ಇದೆ, ಕೊನೆಯ ತೇಪೆ ಯಾವಾಗ ಬಿತ್ತು ಎಂದು ಪಟ್ಟಿ ಮಾಡಿಸಿ ಪ್ರಕಟಿಸಲಿ. ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ.

ಖಾಸಗಿ ಅಂಗಡಿಯವರಿಗೆ ಇರುವ ದಾರಿ ಎರಡು. ವಿಂಡೋಸ್ 10 ಇರುವ ವೈಯಕ್ತಿಕ ಯಂತ್ರಗಳಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಗಡುವು ಇಟ್ಟಿದೆ, ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಬಹುದು. ಅದರಲ್ಲಿ ಕನ್ನಡ, ತೆಲುಗು ಎರಡೂ ಟೈಪ್ ಆಗುತ್ತವೆ. ಆದರೆ ಬೆರಳಚ್ಚು ಯಂತ್ರದ ಡ್ರೈವರ್ ಲಿನಕ್ಸ್‌ಗೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ನಿಮ್ಮ ಆಂಡ್ರಾಯ್ಡ್ ಫೋನ್. ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಫೋನ್ ಒತ್ತಿ, ಆಂಡ್ರಾಯ್ಡ್ ವರ್ಷನ್ ಹತ್ತಿರ ಸೆಕ್ಯುರಿಟಿ ಅಪ್‌ಡೇಟ್ ಎಂದು ಒಂದು ತಾರೀಖು ಇರುತ್ತದೆ. ಅದು ವರ್ಷಕ್ಕಿಂತ ಹಿಂದಿನದಾಗಿದ್ದು, ಹೊಸ ಅಪ್‌ಡೇಟ್ ಹುಡುಕಿದರೂ ಸಿಗದಿದ್ದರೆ, ಆ ಫೋನ್ ಮಾತಾಡಲು, ಹಾಡು ಕೇಳಲು ಇರಲಿ. ಬ್ಯಾಂಕಿನ ಆ್ಯಪ್ ಬೇರೆ ಫೋನಿನಲ್ಲಿರಲಿ.