ಅಟ್ಟದ ಪಿಂಗಾಣಿ ಗುಜರಿಗೆ ಹಾಕುವ ಮುಂಚೆ

ಕಳೆದ ಬೇಸಿಗೆಯಲ್ಲಿ ಬಸ್ರೂರಿನ ಹತ್ತಿರ ಒಂದು ಹಳೇ ಹೆಂಚಿನ ಮನೆ ಕೀಳುತ್ತಿದ್ದರು. ಅಂಗಳದಲ್ಲಿ ಗುಜರಿಯವರ ಟೆಂಪೋ. ತಾಮ್ರದ ಹಂಡೆ, ಬಾಗಿಲ ದಾರಂದ, ಜೊತೆಗೆ ಗೋಣಿಯಲ್ಲಿ ಸುತ್ತಿದ ಆರು ಪಿಂಗಾಣಿ ತಟ್ಟೆ. ಬಿಳಿ ಮೈ ಮೇಲೆ ನೀಲಿ ಚಿತ್ರ: ಹೊಳೆ, ಸೇತುವೆ, ಆಚೆ ದಡದಲ್ಲಿ ಯಾವುದೋ ಕೋಟೆ. ಮನೆಯ ದೊಡ್ಡಮ್ಮನನ್ನು ಕೇಳಿದೆ. "ಅಜ್ಜಯ್ಯ ಬೊಂಬಾಯಿಂದ ತಂದದ್ದ್ ಅಂಬ್ರ್. ಉಂಬುಕ್ ಬಾಳೆಲಿ ಇತ್ತಲ್ದಾ, ಇದ್ ಅಟ್ಟದಾಗೇ ಇತ್ತ್." ಆರಕ್ಕೂ ಸೇರಿ ಮುನ್ನೂರು ರೂಪಾಯಿ.

ಅದು ಕೈಯಲ್ಲಿ ಬಿಡಿಸಿದ ಚಿತ್ರವಲ್ಲ. ತಾಮ್ರದ ಹಲಗೆಯಲ್ಲಿ ಚಿತ್ರ ಕೊರೆದು, ಬಣ್ಣ ತುಂಬಿ, ತೆಳು ಕಾಗದಕ್ಕೆ ಅಚ್ಚು ತೆಗೆದು, ಒಮ್ಮೆ ಸುಟ್ಟ ತಟ್ಟೆಗೆ ಉಜ್ಜಿ ಅಂಟಿಸುತ್ತಿದ್ದರು. ಕಾಗದ ತೊಳೆದು ಹೋಗುತ್ತಿತ್ತು, ಚಿತ್ರ ಉಳಿಯುತ್ತಿತ್ತು. ಮೇಲೆ ಹೊಳಪು ಕೊಟ್ಟು ಮತ್ತೆ ಸುಡುವುದು. ಅಂಚಿನ ಬಳ್ಳಿಯನ್ನು ಸರಿಯಾಗಿ ನೋಡಿ, ಎಲ್ಲೋ ಒಂದು ಕಡೆ ಕಾಗದ ಕೂಡಿದ ಗೆರೆ ಸಿಕ್ಕಿದರೂ ಸಿಕ್ಕೀತು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಇದಕ್ಕೆ ಹೆಸರಾದ ಪ್ರದೇಶ.

ತಮಾಷೆ ಎಂದರೆ, ಅಲ್ಲಿನವರು ನಮ್ಮ ಕಟ್ಟಡಗಳನ್ನೂ ತಟ್ಟೆಗೆ ಇಳಿಸಿದ್ದಾರೆ. ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ ಭಾರತ ಸುತ್ತಿ, 1795ರಿಂದ 1808ರ ವರೆಗೆ 144 ಚಿತ್ರ ಪ್ರಕಟಿಸಿದರು. ಕುಂಬಾರರು ಅದರಿಂದ ಒಂದೂರಿನ ಗೋಪುರ, ಇನ್ನೊಂದೂರಿನ ಹೊಳೆ ಕಡ ತಂದು ಒಂದೇ ತಟ್ಟೆಯಲ್ಲಿ ಕೂಡಿಸಿದರು. ಅವರ ಊಟದ ಮೇಜಿನಲ್ಲಿ ನಮ್ಮ ಗುಡಿ, ನಮ್ಮ ಅಟ್ಟದಲ್ಲಿ ಅವರ ಕೋಟೆ!

ಮಾರಲೇಬೇಡಿ ಎಂದು ನಾನು ಹೇಳುವುದಿಲ್ಲ. ಹೊಸ ಮನೆ ಕಟ್ಟುವವರ ಕಷ್ಟ ಗೊತ್ತು, ಗುಜರಿಯವರದ್ದೂ ಹೊಟ್ಟೆಪಾಡು. ಹರ್ಕೂರಿನ ಒಳಗಿನ ಮನೆಯನ್ನು ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪಕ್ಕೆ ತಂದು ನಿಲ್ಲಿಸಿದರು. ಆದರೆ ಎಲ್ಲ ಮನೆಗೂ ಒಬ್ಬ ಶೆಣೈ ಸಿಗುವುದಿಲ್ಲ. ನಾನು ಕೇಳುವುದು ಇಷ್ಟೇ: ತಟ್ಟೆ ಮಗುಚಿ ಹಿಂದಿನ ಮುದ್ರೆಯ ಫೋಟೋ ತೆಗೆಯಿರಿ. 'ಇಂಗ್ಲೆಂಡ್' ಎಂದಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ಯಾರು ತಂದರು, ಎಲ್ಲಿಂದ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಆ ಚೀಟಿ ಇಲ್ಲದೆ ತಟ್ಟೆ ಕೂಡಿಡುವ ಶೋಕಿಯವರ ಬಗ್ಗೆ ನನಗೆ ಅಂಥ ಗೌರವವೇನೂ ಇಲ್ಲ. ಇನ್ನೊಂದು, 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಕೊಳ್ಳಲು ಬಂದವರನ್ನು ಒಮ್ಮೆ ಕೇಳಿ ನೋಡಿ.

ಆ ದಿನ ನಾನೂ ಫೋಟೋ ತೆಗೆಯಲಿಲ್ಲ, ಮೊಬೈಲ್ ಚಾರ್ಜ್ ಮುಗಿದಿತ್ತು. ಈಗ ದೊಡ್ಡಮ್ಮನ ಮೊಮ್ಮಗ ಬೆಂಗಳೂರಿಂದ ಫೋನ್ ಮಾಡಿ, ತಟ್ಟೆಯಲ್ಲಿದ್ದ ಕೋಟೆ ಯಾವುದು ಎಂದು ಕೇಳುತ್ತಿದ್ದಾನೆ.